ಒಳಗಿನ ಚಿಲಕ

ಮದುವೆ ಮನೆಯ ಬಾಗಿಲಲ್ಲಿ ನಿಂತವರ ಮೂಗಿಗೆ ಬಡಿಯಬೇಕಾದ್ದು ಮಲ್ಲಿಗೆ, ಪನ್ನೀರು, ಇಲ್ಲವೇ ಅಡುಗೆ ಮನೆಯ ಒಗ್ಗರಣೆ. ನನಗೆ ಮೊನ್ನೆ ಬಡಿದದ್ದು ಹತ್ತಿಕಾಳಿನ ವಾಸನೆ.

ಚಿತ್ರದುರ್ಗದಲ್ಲಿ ಚಿಕ್ಕಮ್ಮನ ಮೊಮ್ಮಗನ ಮದುವೆ ಇತ್ತು. ಹೊಳಲ್ಕೆರೆಯಿಂದ ಬೆಳಗಿನ ಬಸ್ಸಿಗೆ ಹೊರಟು, ದುರ್ಗದಲ್ಲಿ ಆಟೋ ಹಿಡಿದು, ಕಲ್ಯಾಣ ಮಂಟಪದ ಹೆಸರು ಹೇಳಿ ಇಳಿದೆ. ಎದುರಿಗೊಂದು ಹಿಂಡಿ ಬೂಸಾದ ಅಂಗಡಿ. ಹಿಂದಿನ ದಿನದ ಮಳೆಗೆ ಅವರ ಹತ್ತಿಕಾಳಿನ ಮೂಟೆ ನೆನೆದಿತ್ತು. ಎಣ್ಣೆ, ಮಣ್ಣು, ಹಸಿ ಗೋಣಿ ಮೂರೂ ಕಲೆತ ಆ ವಾಸನೆ ಒಳಗೆ ಹೋದದ್ದೇ ತಡ, ಗಂಟಲಲ್ಲಿ ಹಳೆಯ ಕೆಮ್ಮೊಂದು ಎದ್ದಿತು. ತಿರುಗಿ ನೋಡಿದರೆ ಆ ಗೇಟು. ಕಬ್ಬಿಣದ ಎರಡು ಬಾಗಿಲು, ಒಂದರಲ್ಲಿ ಒಬ್ಬರು ಬಗ್ಗಿ ದಾಟುವಷ್ಟು ಕಿರುಬಾಗಿಲು. ಈಗ ಅದಕ್ಕೆ ಬಂಗಾರದ ಬಣ್ಣ ಬಳಿದು ಬಾಳೆಕಂದು ಕಟ್ಟಿದ್ದಾರೆ. ಬಣ್ಣ ಬಳಿದ ಮಾತ್ರಕ್ಕೆ ನನಗೆ ಗುರುತು ಸಿಗದಿರುತ್ತದೆಯೇ? ಆ ಗೇಟಿನ ಪಕ್ಕ ನಿಂತು ಒಂದಿಡೀ ಸುಗ್ಗಿ ನಾನು ಹಾಜರಿ ಕೂಗಿದ್ದೇನೆ.

ಒಳಗೆ ಹೋಗುವಾಗ ಗೇಟಿನ ಹಿಂಬದಿಗೆ ಕೈ ಹಾಕಿ ತಡವಿದೆ. ಗಂಡಿನ ಕಡೆಯ ಹುಡುಗನೊಬ್ಬ, "ಏನ್ ಹುಡುಕ್ತಿದೀರಿ ಅಜ್ಜಿ?" ಎಂದ. "ಚಿಲಕ" ಎಂದೆ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು, ತೋಳು ಹಿಡಿದು ನೇರ ತಿಂಡಿಯ ಸಾಲಿಗೆ ಕೂರಿಸಿಬಿಟ್ಟ. ಚಿಲಕ ಇತ್ತು. ಬಣ್ಣದಡಿ ಮುಚ್ಚಿಹೋಗಿ ಜಗ್ಗಿದರೂ ಅಲುಗದ ಹಾಗೆ ಕೂತಿತ್ತು, ಆದರೆ ಇತ್ತು. ಉಪ್ಪಿಟ್ಟು ತಣ್ಣಗಾಗುವವರೆಗೆ ನಾನು ಅದನ್ನೇ ಯೋಚಿಸುತ್ತ ಕೂತೆ.

ಎಪ್ಪತ್ತರ ದಶಕದ ನಡುವಿನ ಮಾತು. ತುರ್ತು ಪರಿಸ್ಥಿತಿಯ ಕಾಲ. ಬಸ್ ನಿಲ್ದಾಣದ ಗೋಡೆ, ಕಚೇರಿಯ ಗೋಡೆ, ಎಲ್ಲಿ ನೋಡಿದರೂ ಶಿಸ್ತು, ದುಡಿಮೆ ಎಂಬ ಬರಹ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದಿಸಲು ಅಪ್ಪನಿಗೆ ಮನಸ್ಸಿಲ್ಲದೆ, ಮದುವೆಯಾಗಲು ನನಗೆ ಮನಸ್ಸಿಲ್ಲದೆ, ದುರ್ಗದ ಚಿಕ್ಕಮ್ಮನ ಮನೆ ಸೇರಿದ್ದೆ. ಚಿಕ್ಕಪ್ಪನ ಪರಿಚಯದ ಮೇಲೆ, ಈಗ ಕಲ್ಯಾಣ ಮಂಟಪವಾಗಿರುವ ಈ ಜಿನ್ನಿನಲ್ಲಿ ಹೆಣ್ಣಾಳುಗಳ ಹಾಜರಿ ಹಾಕುವ ಕೆಲಸ ಸಿಕ್ಕಿತು. ರೈತರು ತಂದ ಹತ್ತಿಯಿಂದ ಕಾಳು ಬೇರೆ, ಅರಳೆ ಬೇರೆ ಮಾಡುವ ಕಾರ್ಖಾನೆಗೆ ನಮ್ಮ ಕಡೆ ಜಿನ್ನು ಎನ್ನುತ್ತಾರೆ. ಸಂಕ್ರಾಂತಿಯ ಹೊತ್ತಿಗೆ ಶುರುವಾದರೆ ಮುಂಗಾರಿನ ಮೋಡ ಕಾಣುವವರೆಗೆ ಅದರ ಸುಗ್ಗಿ. ಹಿರಿಯೂರು, ಹೊಸದುರ್ಗ, ನಮ್ಮ ಹೊಳಲ್ಕೆರೆಯ ಕಡೆಯಿಂದ ಗಾಡಿಗಳು ಸಾಲುಗಟ್ಟಿ ಬಂದು ಗೇಟಿನ ಹೊರಗೆ ಬೇವಿನ ಮರದಡಿ ನೊಗ ಇಳಿಸುತ್ತಿದ್ದವು.

ಒಳಗೆ ತಗಡಿನ ಉದ್ದನೆಯ ಶೆಡ್ಡು, ಎರಡು ಸಾಲು ಮಿಷನ್ನು. ಮೇಲೆ ಉದ್ದಕ್ಕೂ ತಿರುಗುವ ಕಬ್ಬಿಣದ ದಂಡ, ಅದರಿಂದ ಒಂದೊಂದು ಮಿಷನ್ನಿಗೂ ಇಳಿದ ಬೆಲ್ಟು. ಮಿಷನ್ನಿನ ಹೊಟ್ಟೆಯಲ್ಲಿ ತೊಗಲು ಸುತ್ತಿದ ಉರುಳೆ, ಅದಕ್ಕೆ ಒತ್ತಿ ನಿಂತ ಉಕ್ಕಿನ ಅಲಗು. ಹೆಂಗಸರು ಹಿಂದೆ ನಿಂತು ಹಿಡಿ ಹಿಡಿಯಾಗಿ ಹತ್ತಿ ಕೊಡಬೇಕು. ಅರಳೆ ಮುಂದಕ್ಕೆ ಹಾರುತ್ತದೆ, ಕಾಳು ಕೆಳಕ್ಕೆ ಉದುರುತ್ತದೆ. ತಲೆಗೆ, ಮೂಗಿಗೆ ಹಳೆ ಸೀರೆಯ ತುಂಡು ಕಟ್ಟಿಕೊಂಡರೂ ಸಂಜೆಗೆ ಹುಬ್ಬು, ರೆಪ್ಪೆಯ ಮೇಲೆಲ್ಲ ಬಿಳಿ ನವಿರು ಕೂತು ಹರೆಯದ ಹುಡುಗಿಯರೂ ನರೆತ ಮುದುಕಿಯರಂತೆ ಕಾಣುತ್ತಿದ್ದರು. ಗದ್ದಲಕ್ಕೆ ಪಕ್ಕದವಳ ಮಾತೂ ಕೇಳುತ್ತಿರಲಿಲ್ಲ. ಮೊದಲ ವಾರ ನಾನು ಮನೆಗೆ ಬಂದು ಚಿಕ್ಕಮ್ಮನೊಡನೆ ಕಿರುಚಿ ಮಾತಾಡುತ್ತಿದ್ದೆ.

ಹಿಂದಿನ ವರ್ಷದವರೆಗೆ ಚನ್ನಪ್ಪ ಮೇಸ್ತ್ರಿ ಎಂಬ ಹಿರಿಯರು ಶೆಡ್ಡು ನೋಡಿಕೊಳ್ಳುತ್ತಿದ್ದರಂತೆ. ಅವರದು ರಾಶಿಯ ಲೆಕ್ಕ. ಬೆಳಿಗ್ಗೆ ಒಂದೊಂದು ಜೊತೆ ಹೆಂಗಸರಿಗೆ ಒಂದೊಂದು ರಾಶಿ ಹತ್ತಿ ತೋರಿಸಿಬಿಡುವುದು. ಅದು ಮುಗಿದರೆ ಮನೆಗೆ ಹೋಗಬಹುದು. ಗೇಟು ಹಾರು ಹೊಡೆದಿರುತ್ತಿತ್ತು. ಕೂಸಿಗೆ ಹಾಲು ಕೊಟ್ಟು ಬರುವವರು, ನಲ್ಲಿಯಲ್ಲಿ ನೀರು ಬಂತೆಂದು ಓಡುವವರು, ಯಾರು ಹೋದರೂ ಅವರ ಮಿಷನ್ನಿಗೆ ಪಕ್ಕದವಳು ಹತ್ತಿ ಕೊಡುತ್ತಿದ್ದಳು. ಹೊಲದಲ್ಲಿ ಒಬ್ಬರ ಕಳೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರಲ್ಲ, ಆ ಮುಯ್ಯಿಯನ್ನೇ ಇವರು ಜಿನ್ನಿಗೂ ತಂದಿದ್ದರು. ಇವತ್ತು ನಿನಗೆ ನಾನು, ನಾಳೆ ನನಗೆ ನೀನು.

ಚನ್ನಪ್ಪ ಮೇಸ್ತ್ರಿ ಕೆಲಸ ಬಿಟ್ಟ ಮೇಲೆ ಮಾಲೀಕರು ದಾವಣಗೆರೆ ಕಡೆಯ ದೊಡ್ಡ ಮಿಲ್ಲಿನಲ್ಲಿ ಪಳಗಿದ್ದ ರುದ್ರಮುನಿಯಪ್ಪ ಎಂಬುವರನ್ನು ಮ್ಯಾನೇಜರಾಗಿ ತಂದರು. ನಾನೂ ಅವರೂ ಒಂದೇ ವಾರ ಸೇರಿದೆವು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಎಡಗೈಯಲ್ಲಿ ಗಡಿಯಾರ. ಮೊದಲ ದಿನವೇ ರಾಶಿಯ ಲೆಕ್ಕ ಹೋಗಿ ಗಂಟೆಯ ಲೆಕ್ಕ ಬಂತು. ಎಂಟಕ್ಕೆ ಸೈರನ್ನು, ಎಂಟಕ್ಕೇ ಗೇಟಿಗೆ ಹೊರಗಿನಿಂದ ಬೀಗ. ತಡವಾದವರು ಮನೆಗೆ ಹೋಗಬಹುದು. ಬೀಗದ ಕೈ ವಾಚ್‌ಮನ್ ಬಸಣ್ಣನ ಸೊಂಟದಲ್ಲಿ. ಐದಕ್ಕೆ ಇನ್ನೊಂದು ಸೈರನ್ನು ಆಗುವವರೆಗೆ ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಕೆಲಸದ ಹೊತ್ತಿನಲ್ಲಿ ಹಾಡು, ಹರಟೆ, ಕೈ ಬದಲಿಸುವುದು ಯಾವುದೂ ಕೂಡದು.

ಅವರು ಕೆಟ್ಟವರಲ್ಲ, ಅದನ್ನು ಹೇಳಿಬಿಡಬೇಕು. ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಮಧ್ಯಾಹ್ನ ಮೇಜಿನ ಮೇಲೆಯೇ ತಣ್ಣನೆ ರೊಟ್ಟಿ ತಿನ್ನುತ್ತಿದ್ದರು. ಪಾಚಿಗಟ್ಟಿದ್ದ ಕುಡಿಯುವ ನೀರಿನ ಹಂಡೆ ತೊಳೆಸಿದವರು ಅವರೇ. ಹೆಂಗಸರನ್ನು ಏಕವಚನದಲ್ಲಿ ಕರೆದದ್ದು ನಾನು ಕೇಳಿಲ್ಲ. ಬೈಗುಳಕ್ಕೆ ಹೆಸರಾಗಿದ್ದ ಆ ಶೆಡ್ಡಿನಲ್ಲಿ ಅವರ ಬಾಯಿಂದ ಒಂದು ಹಗುರ ಮಾತು ಬರಲಿಲ್ಲ. ಇಪ್ಪತ್ತರ ನನಗೆ ಅವರ ಅಚ್ಚುಕಟ್ಟು ಕಂಡರೆ ಗೌರವವಿತ್ತು, ಹೆಂಗಸರ ನಡುವೆ ಕೂತರೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಹೆಂಗಸರಲ್ಲಿ ಹಿರಿಯಳು ತಿಮ್ಮಕ್ಕ. ಆ ಗದ್ದಲವನ್ನೂ ಮೀರಿ ಕೇಳುವ ಗಂಟಲು ಇದ್ದದ್ದು ಅವಳೊಬ್ಬಳಿಗೇ. ಒಂದು ದಿನ ಬುತ್ತಿ ಬಿಚ್ಚುವಾಗ ಹೇಳಿದಳು: "ಕೆಲ್ಸ ಜಾಸ್ತಿ ಆತು ಅಂತ ನಾವ್ಯಾವತ್ತಾನ ಅಂದೀವೇನೆ ಹಾಜ್ರಿ ಅಕ್ಕ? ರಾಶಿ ಆದ್ರೆ ಕಣ್ಣೆದ್ರಿಗೆ ಕರಗತೈತೆ. ಇಷ್ಟ್ ಆತು, ಇನ್ನಿಷ್ಟ್ ಐತೆ ಅಂತ ಕೈಗೂ ಹುರುಪು. ಗಂಟೆ ಕರಗಾದು ಎಲ್ಲಿ ಕಾಣತೈತೆ ಹೇಳು?" ನನಗಿಂತ ಇಮ್ಮಡಿ ವಯಸ್ಸಿನವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಹಾಜರಿ ಹಾಕುವವಳೆಂಬ ಮರ್ಯಾದೆ ಅರ್ಧ, ತಮಾಷೆ ಅರ್ಧ.

ಚಾಪೆ ಕೆಳಗೆ ತೂರಿದವರಿದ್ದರೆ ರಂಗೋಲಿ ಕೆಳಗೆ ತೂರುವವರೂ ಇರುತ್ತಾರೆ. ಮ್ಯಾನೇಜರ ಕೋಣೆ ಕಾಂಪೌಂಡಿನ ಮೂಲೆಯಲ್ಲಿತ್ತು. ಅಲ್ಲಿ ಕೂತು ಅವರು ಕೆಲಸವನ್ನು ಕಿವಿಯಿಂದ ಅಳೆಯುತ್ತಿದ್ದರು. ಮಿಷನ್ನಿನ ಸದ್ದು ಕುಗ್ಗಿದರೆ ಎದ್ದು ಬರುವುದು, ಸದ್ದಿದ್ದರೆ ನೆಮ್ಮದಿಯಾಗಿ ಬರೆಯುತ್ತ ಕೂರುವುದು. ಹೆಂಗಸರು ಇದನ್ನು ಹದಿನೈದು ದಿನದಲ್ಲಿ ಪತ್ತೆ ಮಾಡಿದರು. ಹತ್ತಿ ಕೊಡದಿದ್ದರೂ ಮಿಷನ್ನು ತಿರುಗುತ್ತದೆ, ಬರಿ ಹೊಟ್ಟೆಯಲ್ಲಿ ಇನ್ನೂ ಜೋರಾಗಿ ಗುಡುಗುತ್ತದೆ! ಸರಿ, ಸರದಿಯ ಮೇಲೆ ಒಂದೊಂದು ಜೊತೆ ಕೈ ಕಟ್ಟಿ ನಿಂತು ಬರಿ ಮಿಷನ್ನು ಓಡಿಸತೊಡಗಿದರು. ಹೇಗೂ ಐದರವರೆಗೆ ಬಿಡುವುದಿಲ್ಲ, ಬೇಗ ಮುಗಿಸಿ ಕಟ್ಟಿಕೊಳ್ಳುವುದೇನು? ಹಾಜರಿ ಭರ್ತಿ, ಸದ್ದು ಭರ್ತಿ, ಸಂಜೆ ನೋಡಿದರೆ ಹತ್ತಿ ಹಾಗೆಯೇ ಬಿದ್ದಿದೆ. ಮ್ಯಾನೇಜರು ಗಡಿಯಾರ ನೋಡುತ್ತಾರೆ, ರಾಶಿ ನೋಡುತ್ತಾರೆ, ಮತ್ತೆ ಗಡಿಯಾರ ನೋಡುತ್ತಾರೆ. ನಾವು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ಉರುಳೆಯ ತೊಗಲು ಅಲಗಿಗೆ ಒಣ ಒಣ ತಿಕ್ಕಿ ಬಿಸಿಯಾಗುತ್ತದೆ ಎಂಬುದು ನಮಗಾರಿಗೂ ಹೊಳೆಯಲಿಲ್ಲ.

ಒಬ್ಬಳು ಮಾತ್ರ ಮಿಷನ್ನನ್ನು ಖಾಲಿ ಬಿಡುತ್ತಿರಲಿಲ್ಲ. ಹನುಮಕ್ಕ. ಬಿ.ದುರ್ಗದ ಕಡೆ ತವರು, ಕುರಿ ಕಾಯುವವರ ಮನೆಯ ಮಗಳು. ತೆಳ್ಳಗೆ, ಮಾತು ಕಡಿಮೆ. ತಿಮ್ಮಕ್ಕನ ಪಕ್ಕದ ಮಿಷನ್ನೇ ಅವಳದು. ಸೈರನ್ನಿನಿಂದ ಸೈರನ್ನಿನವರೆಗೆ ಅವಳ ಕೈ ನಿಲ್ಲುತ್ತಿರಲಿಲ್ಲ. ಅವಳ ರಾಶಿ ಕರಗಿ ಉಳಿದವರದು ಕರಗದಿದ್ದರೆ ಕಳ್ಳತನ ಬಯಲಾಗುವುದಿಲ್ಲವೇ? ಎಲ್ಲರಿಗೂ ಅವಳ ಮೇಲೆ ಕೋಪ.

"ಏನಮ್ಮ, ಮ್ಯಾನೇಜರು ನಿಂಗೇನು ಪಟ್ಟ ಕಟ್ತಾನಾ?" ಎಂದು ತಿಮ್ಮಕ್ಕ ಒಮ್ಮೆ ನೇರವಾಗಿಯೇ ಕೇಳಿದಳು.

"ಕೈ ನಿಂತ್ರೆ ಮನ್ಸು ಮನೀಗ್ ಹೋಗತೈತೆ ಕಣಕ್ಕ" ಎಂದಳು ಹನುಮಕ್ಕ. ತಿಮ್ಮಕ್ಕ ಮುಖ ತಿರುಗಿಸಿಕೊಂಡಳು. ಮರುದಿನದಿಂದ ಬುತ್ತಿಯ ಹೊತ್ತಿನಲ್ಲಿ ಹನುಮಕ್ಕನ ಪಕ್ಕ ಯಾರೂ ಕೂರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಅವಳ ಮಾತಿನ ಅರ್ಥ ನನಗೆ ತಿಳಿದದ್ದು ಶಿವರಾತ್ರಿ ಕಳೆದ ಮೇಲೆ. ಒಂದು ಬೆಳಿಗ್ಗೆ ಗೇಟಿನ ಹೊರಗೆ ಗಂಡಸೊಬ್ಬ ಕೂಗಾಡುತ್ತಿದ್ದ. ಕಿರುಬಾಗಿಲ ಸಂದಿಯಲ್ಲಿ ಇಣುಕಿದೆ. ಅವಳ ಗಂಡ ಓಬಳಪ್ಪ, ಹೊತ್ತಿಲ್ಲದ ಹೊತ್ತಿನಲ್ಲಿ ಕುಡಿಯುವವನು. "ಕಳಿಸ್ರಲೇ ನನ್ ಹೆಂಡ್ತೀನ!" ಎಂದು ಗೇಟು ಒದೆಯುತ್ತಿದ್ದಾನೆ. ಬಸಣ್ಣ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡು, "ಐದ್ ಗಂಟೆಗ್ ಬಾರಪ್ಪ, ಮ್ಯಾನೇಜರ್ ಆರ್ಡರ್ ಐತೆ" ಎಂದು ಬೀಡಿ ಹಚ್ಚಿಕೊಂಡ. ಒದ್ದು ಒದ್ದು ಕಾಲು ನೊಂದು ಓಬಳಪ್ಪ ಹೋದ.

ನಾನು ಹನುಮಕ್ಕನ ಬಳಿ ಹೋದೆ. ಅವಳು ಹತ್ತಿ ಕೊಡುತ್ತಲೇ ಇದ್ದಳು. ಮುಖಕ್ಕೆ ಕಟ್ಟಿದ ಬಟ್ಟೆಯ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನಗುತ್ತಿತ್ತು! ಮಧ್ಯಾಹ್ನ ತಾನಾಗಿಯೇ ಹೇಳಿದಳು: "ಹ್ವಾದ್ ವರ್ಷ ಗೇಟು ತೆಗದೇ ಇರ್ತಿತ್ತು. ಯಾವಾಗ್ ಬೇಕಾದ್ರೆ ಅವಾಗ ಒಳಗ್ ಬರಾನು. ರಟ್ಟೆ ಹಿಡ್ಕಂಡ್ ಎಳ್ಕಂಡ್ ಹೋಗಾನು. ಯಾರ್ ಕೂಡ ಮಾತಾಡ್ದೆ, ಯಾಕ್ ನಕ್ಕೆ ಅಂತ ಹೊಡೆಯಾನು. ಚನ್ನಪ್ಪ ಮೇಸ್ತ್ರಿ ಒಳ್ಳೇರು, ಗಂಡ ಹೆಂಡ್ತಿ ಜಗಳ ಅಂತ ಸುಮ್ನಾಗೋರು. ಈ ಮ್ಯಾನೇಜರು ಪುಣ್ಯಾತ್ಮ ಕಣೇ ಹಾಜ್ರಿ ಅಕ್ಕ. ಎಂಟ್ರಿಂದ ಐದ್ರಗಂಟ ನನ್ನ ಯಾರೂ ಮುಟ್ಟಂಗಿಲ್ಲ."

ಎಲ್ಲರಿಗೂ ಜೈಲಾಗಿದ್ದ ಬೀಗ ಇವಳೊಬ್ಬಳಿಗೆ ತವರಾಗಿತ್ತು. ಸುಮ್ಮನೆ ಅವಳ ಬುತ್ತಿಗೆ ನನ್ನ ಚಟ್ನಿಪುಡಿ ಹಾಕಿದೆ.

ಬಿಸಿಲೇರಿದಂತೆ ಗಾಡಿಗಳೂ ಏರಿದವು. ಹೊರಗೆ ಎತ್ತುಗಳು ಬಿಸಿಲಲ್ಲಿ ಬಳಲುತ್ತಿದ್ದರೆ ಒಳಗೆ ಮಿಷನ್ನು ಬರಿ ಹೊಟ್ಟೆಯಲ್ಲಿ ಗುಡುಗುತ್ತಿದ್ದವು. ಮಾಲೀಕರು ಮ್ಯಾನೇಜರನ್ನು ಬೈದರು, ಮ್ಯಾನೇಜರು ಬುತ್ತಿಯ ಹೊತ್ತನ್ನು ಅರ್ಧಕ್ಕಿಳಿಸಿದರು, ಹೆಂಗಸರು ಆ ಅರ್ಧವನ್ನು ಬರಿ ಮಿಷನ್ನಿನ ಮುಂದೆ ವಸೂಲು ಮಾಡಿಕೊಂಡರು. ಹಗ್ಗ ಎರಡೂ ಕಡೆ ಜಗ್ಗುತ್ತಿತ್ತು.

ಒಂದು ಮಧ್ಯಾಹ್ನ ತಿಮ್ಮಕ್ಕನ ಮಿಷನ್ನು ಬಹಳ ಹೊತ್ತಿನಿಂದ ಖಾಲಿ ಓಡುತ್ತಿತ್ತು. ಮೊದಲು ಸುಟ್ಟ ತೊಗಲಿನ ವಾಸನೆ ಬಂತು. ಏನೆಂದು ತಿರುಗುವಷ್ಟರಲ್ಲಿ ಉರುಳೆಯ ಬದಿಯಿಂದ ಕಿಡಿ ಹಾರಿ ಮುಂದೆ ಗುಡ್ಡೆಯಾಗಿದ್ದ ಅರಳೆಗೆ ಬಿತ್ತು. ಅರಳೆಗೆ ಬೆಂಕಿ ಹತ್ತುವುದನ್ನು ನೋಡದವರಿಗೆ ಹೇಳಿ ತಿಳಿಸುವುದು ಕಷ್ಟ. ಉರಿ ಮೇಲೇಳುವುದಿಲ್ಲ, ಹಾಲು ಚೆಲ್ಲಿದಂತೆ ಗುಡ್ಡೆಯ ಮೈಮೇಲೆ ಹರಿದುಬಿಡುತ್ತದೆ. ಇಂಜಿನ್ನಿನವನು ದಂಡ ನಿಲ್ಲಿಸಿದ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಕೆಲಸದ ಹೊತ್ತಿನಲ್ಲಿ ಶೆಡ್ಡು ಮೌನವಾಯಿತು. ಆ ಮೌನದಲ್ಲಿ ಎಲ್ಲರೂ ಕಿರುಚಿಕೊಂಡು ಗೇಟಿನ ಕಡೆ ಓಡಿದರು.

ಗೇಟಿಗೆ ಹೊರಗಿನಿಂದ ಬೀಗ. ಬೀಗದ ಕೈ ಬಸಣ್ಣನ ಸೊಂಟದಲ್ಲಿ. ಬಸಣ್ಣ ಊಟಕ್ಕೆ ಹೋಗಿದ್ದ.

ಓಡಿದವರಲ್ಲಿ ನಾನೂ ಇದ್ದೆ. ನನ್ನ ಪಕ್ಕದಲ್ಲಿ ಗೇಟು ಬಡಿಯುತ್ತಿದ್ದ ಬಿಳಿ ಅಂಗಿಯ ಕೈ ಯಾರದೆಂದು ನೋಡಿದರೆ ಮ್ಯಾನೇಜರದು. "ಬಸಣ್ಣಾ! ಬಸಣ್ಣಾ!" ಎಂದು ಅವರು ಕೂಗುತ್ತಿದ್ದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ತಾವೇ ಹಾಕಿಸಿದ ಬೀಗದ ಒಳಗೆ ತಾವೂ ಇದ್ದೇವೆಂಬುದು ಅವರಿಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲವೇನೋ. ಕೊನೆಗೆ ಗಾಡಿಯವರು ಹಾರೆ ತಂದು ಬೀಗ ಮುರಿದರು. ಅಷ್ಟರಲ್ಲಿ ಗೇಟಿಗೆ ಓಡದೆ ಒಳಗೆ ಉಳಿದ ಕೆಲವರು, ಹನುಮಕ್ಕ, ಇಂಜಿನ್ನಿನವನು, ಮಗ್ಗುಲು ಸಾಲಿನ ಒಂದಿಬ್ಬರು, ಹಂಡೆಯ ನೀರಿಗೆ ಗೋಣಿ ಅದ್ದಿ ಬಡಿದು ಬಡಿದು ಬೆಂಕಿ ತಗ್ಗಿಸಿದ್ದರು. ಗಾಡಿಯವರೂ ಕೈ ಹಾಕಿ ಪೂರ್ತಿ ಆರಿಸಿದರು. ಯಾರಿಗೂ ಏನೂ ಆಗಲಿಲ್ಲ. ತಿಮ್ಮಕ್ಕನ ಸೆರಗು ಸುಟ್ಟಿತ್ತು. ಮ್ಯಾನೇಜರು ಮುರಿದ ಬೀಗವನ್ನು ಕೈಯಲ್ಲಿ ಹಿಡಿದು ಬೇವಿನ ಮರದಡಿ ಕೂತುಬಿಟ್ಟರು. "ಎಲ್ರೂ ಮನೆಗೆ ಹೋಗ್ರಮ್ಮ" ಎಂದಷ್ಟೇ ಹೇಳಿದರು.

ಮರುದಿನ ಗೇಟಿಗೆ ಬೀಗವಿರಲಿಲ್ಲ. ಹೆಂಗಸರಿಗೆ ಹಬ್ಬ. ಬಿಟ್ಟುಹೋಗಿದ್ದ ಹಾಡು ಮತ್ತೆ ಶುರುವಾಯಿತು. ಹನುಮಕ್ಕ ಮಾತ್ರ ಹತ್ತಿ ಕೊಡುತ್ತ ಕೊಡುತ್ತ ಗೇಟಿನ ಕಡೆ ತಿರುಗಿ ತಿರುಗಿ ನೋಡುತ್ತಿದ್ದಳು.

ಎರಡನೆಯ ದಿನ ಓಬಳಪ್ಪ ಬಂದ. ತೆರೆದ ಗೇಟಿನಿಂದ ನೇರ ಒಳಗೆ, ಮಿಷನ್ನುಗಳ ಸಾಲಿನ ನಡುವೆ ನಡೆದು ಬಂದು, ಎಲ್ಲರ ಎದುರಿಗೆ ಅವಳ ರಟ್ಟೆಗೆ ಕೈ ಹಾಕಿ ಜಗ್ಗಿದ. ರವಿಕೆಯ ತೋಳು ಹರಿಯಿತು. ತಿರುಗುವ ಬೆಲ್ಟಿಗೂ ಅವಳ ಜಡೆಗೂ ಒಂದು ಗೇಣು ದೂರ. ಅವಳು ಕೂಗಲಿಲ್ಲ. ಮಿಷನ್ನಿನ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತಳು, ಅಷ್ಟೆ.

ಅವನ ಮುಂದೆ ಮೊದಲು ಬಂದು ನಿಂತವಳು ತಿಮ್ಮಕ್ಕ. "ಬಿಡಲೇ" ಎಂದಳು. "ನನ್ ಹೆಂಡ್ತಿ ಕಣೇ" ಎಂದ. "ಮನೇಲಿ ನಿನ್ ಹೆಂಡ್ತಿ. ಇಲ್ಲಿ ನನ್ ಮಗ್ಗುಲು ಮಿಷನ್ನೋಳು. ಬಿಡಲೇ ಕೈಯ." ಸಾಲು ಸಾಲು ಹೆಂಗಸರು ಕೆಲಸ ಬಿಟ್ಟು ಬಂದರು. ಯಾರೂ ಹೊಡೆಯಲಿಲ್ಲ. ಎಲ್ಲರೂ ಸೇರಿ ಬರಿ ನೂಕಿದರು, ಗೂಳಿಯನ್ನು ಹೊಲದಿಂದ ಅಟ್ಟುವ ಹಾಗೆ, ಗೇಟಿನ ಆಚೆಯವರೆಗೆ.

ಆಮೇಲೆ ಎಲ್ಲರೂ ಮ್ಯಾನೇಜರ ಕೋಣೆಯ ಮುಂದೆ ಸೇರಿದರು. ಅವರು ಎದ್ದು ಬಾಗಿಲಿಗೆ ಬಂದರು.

"ಗೇಟು ಮುಚ್ಬೇಕು ಸಾಮಿ" ಎಂದಳು ತಿಮ್ಮಕ್ಕ.

"ಬೀಗ ಬ್ಯಾಡ ಅಂತಿದ್ದೋರು ನೀವೇ ಅಲ್ವೇನಮ್ಮ?"

"ಹೊರಗಿನ್ ಬೀಗ ಬ್ಯಾಡ ಅಂದ್ವಿ. ಒಳಗಡೆ ಚಿಲಕ ಇಡಿಸ್ರಿ. ಹಾಕಾದೂ ನಾವೇ, ತೆಗೆಯಾದೂ ನಾವೇ. ಬೆಂಕಿ ಬಿದ್ರೆ ಯಾರ್ ಬೇಕಾದ್ರೂ ತೆಗೀಬೌದು, ಕುಡ್ದ್ ಬಂದೋನು ತೆಗೆಯಾಕ್ ಆಗಬಾರ್ದು." ಒಂದು ಉಸಿರು ಎಳೆದುಕೊಂಡು ಮುಂದುವರಿಸಿದಳು. "ಇನ್ನೊಂದು. ನಮಗೆ ರಾಶಿ ಹೇಳ್ರಿ, ಗಂಟೆ ಹೇಳಬ್ಯಾಡ್ರಿ. ಬರಿ ಮಿಷನ್ ಓಡಿಸಿದ್ದು ನಾವೇ. ನಿಮ್ ಕಿವಿ ತುಂಬ್ಸಾಕೆ ಓಡಿಸಿದ್ವಿ. ಇನ್ನ ಮ್ಯಾಲೆ ಓಡ್ಸಾದಿಲ್ಲ."

ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ಚಿಲಕದ ಜವಾಬ್ದಾರಿ ಯಾರ್ದು? ಒಬ್ರು ಬೇಕಲ್ಲ." ತಿಮ್ಮಕ್ಕ ಹಿಂದೆ ತಿರುಗಿ ನೋಡಿದಳು. ಹನುಮಕ್ಕ ಹರಿದ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಲ್ಲರ ಹಿಂದೆ ನಿಂತಿದ್ದಳು. "ಅವಳ್ದು" ಎಂದಳು ತಿಮ್ಮಕ್ಕ. ತಿಂಗಳುಗಟ್ಟಲೆ ಅವಳ ಪಕ್ಕ ಬುತ್ತಿ ಬಿಚ್ಚದವಳು ಹಾಗೆಂದಾಗ ನನಗೆ ಅಳು ಬಂತು.

ಅಂದೇ ಫಿಟ್ಟರು ಮೊಳದುದ್ದದ ಚಿಲಕ ಕೂರಿಸಿದ. ಹನುಮಕ್ಕನನ್ನು ಗೇಟಿಗೆ ಹತ್ತಿರದ ಮಿಷನ್ನಿಗೆ ಬದಲಾಯಿಸಿದರು. ಹೊರಗಿನಿಂದ ಯಾರು ಬಡಿದರೂ ಅವಳು ಹೋಗಿ "ಯಾರು?" ಎನ್ನುವಳು, ದನಿ ಕೇಳಿ ತೆಗೆಯುವಳು. ಕೂಸಿನ ತಾಯಂದಿರು ಅವಳಿಗೆ ಹೇಳಿ ಹೋಗುವರು, ಮುಯ್ಯಿಗೆ ಪಕ್ಕದವಳು ನಿಲ್ಲುವಳು. ರಾಶಿಯ ಲೆಕ್ಕ ಮರಳಿ ಬಂತು, ಎಂಟರ ಸೈರನ್ನು ಮಾತ್ರ ಹಾಗೆಯೇ ಉಳಿಯಿತು. ತಡವಾಗಿ ಬಂದವರಿಗೆ 'ಮೂಲೆ ಮಿಷನ್ನು', ಅಂದರೆ ಎಲ್ಲಕ್ಕಿಂತ ಹೆಚ್ಚು ಧೂಳು ಬೀಳುವ ಜಾಗ. ಆ ಕಟ್ಟಳೆ ಮಾಡಿದವರು ಮ್ಯಾನೇಜರಲ್ಲ, ಹೆಂಗಸರು. ರಾಶಿ ಮುಗಿದರೆ ಮಿಷನ್ನು ನಿಲ್ಲಿಸಿಬಿಡಬೇಕು, ಸುಮ್ಮನೆ ಓಡಿಸಕೂಡದು. ಅದೂ ಅವರದೇ. ರುದ್ರಮುನಿಯಪ್ಪನವರು ಕಿವಿಯಿಂದ ಅಳೆಯುವುದು ಬಿಟ್ಟು ಶೆಡ್ಡಿನೊಳಗೆ ಓಡಾಡತೊಡಗಿದರು. ಬೇವಿನ ಮರದಡಿಯ ಗಾಡಿಗಳ ಸಾಲು ದಿನದಿನಕ್ಕೆ ಕರಗಿತು. ಕೆಲಸ ಮೊದಲಿಗಿಂತ ಹೆಚ್ಚೇ ಇತ್ತು. ಹಾಗಿದ್ದೂ ಸಂಜೆ ಮನೆಗೆ ಹೋಗುವವರು ಹಾಡಿಕೊಂಡು ಹೋಗುತ್ತಿದ್ದರು.

ಒಂದು ಸೋಮವಾರ ದಾವಣಗೆರೆಯ ಬಸ್ಸು ಕೆಟ್ಟು ಮ್ಯಾನೇಜರೇ ತಡವಾಗಿ ಬಂದರು. ಗೇಟು ಬಡಿದ ಸದ್ದಾಯಿತು.

"ಯಾರು?" ಎಂದಳು ಹನುಮಕ್ಕ.

"ನಾನಮ್ಮ, ಮ್ಯಾನೇಜರು."

"ಹೊತ್ತಾಗೈತಲ್ಲ ಸಾಮಿ. ಒಳಗ್ ಬಿಡಬೇಕಾ ಬ್ಯಾಡ್ವಾ?"

ಅವಳ ಬಾಯಲ್ಲಿ ಅಂಥ ಮಾತು ಬಂದದ್ದು ಕೇಳಿ ಹತ್ತಿರದ ಸಾಲಿನವರೆಲ್ಲ ಕೈ ನಿಲ್ಲಿಸಿಬಿಟ್ಟರು. ಹೊರಗಿನಿಂದ, "ಹಂಗಾದ್ರೆ ಮೂಲೆ ಮಿಷನ್ ಕೊಡ್ರಿ ನಂಗೆ" ಎಂಬ ದನಿ ಬಂತು. ಒಳಗೆ ಬಂದು, ಇಸ್ತ್ರಿ ಅಂಗಿಯ ತೋಳು ಮಡಿಸಿ, ಮೂಗಿಗೆ ಕರವಸ್ತ್ರ ಕಟ್ಟಿ, ಅವರು ನಿಜಕ್ಕೂ ಮೂಲೆಗೆ ಹೋಗಿ ನಿಂತರು. ಹತ್ತಿ ಕೊಡಲು ಬಾರದೆ ಅರ್ಧ ನೆಲಕ್ಕೆ ಬಿತ್ತು. ಹೆಂಗಸರು ನಕ್ಕ ನಗೆಗೆ ತಗಡು ಹಾರಬೇಕಿತ್ತು. ಬುತ್ತಿಯ ಹೊತ್ತಿಗೆ ಅವರ ಹುಬ್ಬು ಬೆಳ್ಳಗಾಗಿತ್ತು. ಅಂದು ಬುತ್ತಿಗೆ ಪೂರಾ ಒಂದು ಗಂಟೆ ಬಿಟ್ಟರು, ಸುಗ್ಗಿ ಮುಗಿಯುವವರೆಗೆ ಅದು ಹಾಗೆಯೇ ನಡೆಯಿತು.

ಆಮೇಲಿನ ಬದುಕೆಲ್ಲ ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲುಗಳಲ್ಲಿ ಮೇಲ್ವಿಚಾರಕಿಯಾಗಿ ಕಳೆದೆ. ಶಿಸ್ತು ಬೇಕೋ ಬೇಡವೋ ಎಂದು ಜನ ವಾದಿಸುವಾಗ ನನಗೆ ನಗು ಬರುತ್ತದೆ. ಶಿಸ್ತು ಬೇಕು. ಕೆಲಸವೂ ಬೇಕು, ಮೈ ಮುರಿಯುವಷ್ಟಿದ್ದರೂ ಮನುಷ್ಯರು ತಾಳುತ್ತಾರೆ, ಕಣ್ಣೆದುರು ಕರಗುವುದು ಕಂಡರೆ ಸಾಕು. ಕೇಳಬೇಕಾದ್ದು ಒಂದೇ, ಚಿಲಕ ಬಾಗಿಲಿನ ಯಾವ ಕಡೆಗಿದೆ ಎಂದು. ಎಷ್ಟೋ ಹಾಸ್ಟೆಲ್ಲಿಗೆ ಹೋದ ಮೊದಲ ದಿನ ನಾನು ಬಡಗಿಯನ್ನು ಕರೆಸಿದ್ದಿದೆ. ಮೇಲಿನವರು ಕಾರಣ ಕೇಳಿದರೆ ಬಾಗಿಲು ಜೋತುಬಿದ್ದಿದೆ ಎಂದು ಹೇಳಿ ಪಾರಾಗುತ್ತಿದ್ದೆ.

ಸುಗ್ಗಿ ಮುಗಿಯಿತು. ಮುಂಗಾರಿನ ಮೋಡ ಕೋಟೆಯ ಹಿಂದೆ ಕಾಣಿಸಿಕೊಂಡ ದಿನ ಕಡೆಯ ರಾಶಿ ಕರಗಿತು. ಎಲ್ಲರಿಗೂ ಖುಷಿ. ಇನ್ನು ಹೊಲದ ಕೆಲಸ, ಮನೆಯ ಕೆಲಸ, ನಾಲ್ಕು ದಿನ ತವರು. ಒಬ್ಬೊಬ್ಬರೇ ಗೇಟು ದಾಟಿದರು. ಹನುಮಕ್ಕ ಚಿಲಕ ಸರಿಸಿ, ಅದನ್ನು ಹಿಡಿದುಕೊಂಡೇ ನಿಂತಿದ್ದಳು.

"ನಾಳಿಂದ ನಂಗ್ಯಾವ್ ಗೇಟು ಹಾಜ್ರಿ ಅಕ್ಕ?" ಎಂದಳು.

ಲೋಕವೆಲ್ಲ ಕೆಲಸ ಮುಗಿದರೆ ಸಾಕೆಂದು ಕಾಯುತ್ತದೆ. ಇವಳಿಗೆ ಕೆಲಸ ಮುಗಿಯುವುದೇ ಭಯ. ತಿಮ್ಮಕ್ಕ ಹೊರಗಿನಿಂದ ತಿರುಗಿ ನೋಡಿ, "ಏಯ್, ನಿಂತ್ಕಂಡೇನ್ ಮಾಡ್ತೀಯೇ, ಬಾ ಹೋಗಾಣ" ಎಂದು ಕರೆದಳು. ಇಬ್ಬರೂ ಬೇವಿನ ಮರ ದಾಟಿ ಹೋದರು. ನಾನು ಆ ದಿನ ಊಟ ಮಾಡಲಿಲ್ಲ.

ವಾರ ಕಳೆದು ಹೊಳಲ್ಕೆರೆಗೆ ಹೊರಡುವ ಮುನ್ನ ಮನಸ್ಸು ತಡೆಯದೆ ತಿಮ್ಮಕ್ಕನ ಮನೆ ಹುಡುಕಿಕೊಂಡು ಹೋದೆ. ಮಳೆ ಬಂದು ಓಣಿ ಕೆಸರಾಗಿತ್ತು. ತಿಮ್ಮಕ್ಕ ಕಟ್ಟೆಯ ಮೇಲೆ ಬಿತ್ತನೆಯ ಶೇಂಗಾ ಸುಲಿಯುತ್ತ ಕೂತಿದ್ದಳು. ಕೇಳುವ ಮೊದಲೇ ಹೇಳಿದಳು: "ಹಿತ್ಲಾಗೆ ದನದ್ ಕ್ವಾಣೆ ಖಾಲಿ ಇತ್ತು, ಅಲ್ಲೇ ಅವಳೆ. ಆ ಬೇವರ್ಸಿ ಎಲ್ಡ್ ಸಲ ಬಂದು ಬಾಗ್ಲು ಬಡ್ದು ಬಡ್ದು ಹೋದ. ಹೋಗು, ನೋಡು."

ಹಿತ್ತಿಲಿಗೆ ಹೋದೆ. ಹಳೆಯ ಕೋಣೆ, ಹಳೆಯ ಬಾಗಿಲು. ದನದ ಕೋಣೆಗಳಿಗೆಲ್ಲ ಇರುವಂತೆ ಹೊರಗೆ ಸರಪಳಿಯ ಕೊಂಡಿ ಇದ್ದ ಗುರುತಿತ್ತು. ಅದನ್ನು ಯಾರೋ ಕಿತ್ತಿದ್ದರು, ಮರದಲ್ಲಿ ಎರಡು ಹಸಿ ತೂತು ಮಾತ್ರ ಉಳಿದಿತ್ತು. ಬಾಗಿಲು ಬಡಿದೆ.

"ಯಾರು?" ಎಂದು ಒಳಗಿನಿಂದ ಕೇಳಿತು. ಹೆದರಿದ ದನಿಯಲ್ಲ ಅದು, ಗೇಟಿನ ದನಿ.

"ನಾನು ಕಣೇ, ಹಾಜ್ರಿ ಅಕ್ಕ."

"ಹೊತ್ತಾಗೈತಲ್ಲ ಹಾಜ್ರಿ ಅಕ್ಕ, ಒಳಗ್ ಬಿಡಬೇಕಾ ಬ್ಯಾಡ್ವಾ?" ಎಂದಳು. ನಗು ತಡೆದುಕೊಂಡಿದ್ದಳೆಂದು ಹೊರಗೇ ಗೊತ್ತಾಗುತ್ತಿತ್ತು. ನಾನು ಕೆಸರಿನಲ್ಲಿ ನಿಂತು ಕಾದೆ. ಒಳಗಡೆ ಹೊಸ ಚಿಲಕ ಸರಿದ ಸದ್ದು ಕೇಳಿಸಿತು.